ನದಿಗೆ ಯಾರು ಹೇಳಬೇಕು

ನಮ್ಮೂರಿನ ನದಿ ಹೇಳಿದ ಮಾತು ಕೇಳುತ್ತದೆ. ಬಾ ಅಂದರೆ ಬರುತ್ತದೆ, ನಿಲ್ಲು ಅಂದರೆ ನಿಲ್ಲುತ್ತದೆ, ಹೋಗು ಅಂದರೆ ಮುಖ ತಿರುಗಿಸಿ ಹೋಗುತ್ತದೆ. ಹೊರಗಿನವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ. ನಮಗೆ ಅದರಲ್ಲಿ ಅಚ್ಚರಿಯೇನೂ ಇಲ್ಲ, ತಾಪತ್ರಯ ಮಾತ್ರ ಇದೆ. ಇಲ್ಲಿಯ ಮನೆಗಳ ಹೊಸ್ತಿಲು ಮೊಣಕಾಲೆತ್ತರ. ಜೋಳದ ಚೀಲವನ್ನು ಯಾರೂ ನೆಲದ ಮೇಲೆ ಇಡುವುದಿಲ್ಲ. ಹೆಣ್ಣು ಕೊಡುವವರು ಗಂಡಿಗೆ ಹೊಲ ಎಷ್ಟಿದೆ ಎಂದು ಕೇಳುವ ಮೊದಲು ಮನೆಗೆ ಅಟ್ಟ ಇದೆಯೇ ಎಂದು ಕೇಳುತ್ತಾರೆ. ನಾನು ಸಣ್ಣವಳಿದ್ದಾಗ ದಂಡೆಯ ಹತ್ತಿರ ಆಡುವ ಮಕ್ಕಳನ್ನು ತಾಯಂದಿರು 'ಬಾ' ಎಂದು ಕರೆಯುತ್ತಿರಲಿಲ್ಲ, 'ಮನಿಗೆ ನಡಿ' ಅನ್ನುತ್ತಿದ್ದರು. ಇವತ್ತಿಗೂ ನಮ್ಮೂರವರು ಬಾಗಿಲಿಗೆ ಬಂದ ಬೀಗರಿಗೆ 'ಬರ್ರಿ' ಅನ್ನುವ ಮುಂಚೆ ಅರೆಗಳಿಗೆ ತಡೆಯುತ್ತಾರೆ.

ಆಮೇಲೆ ನದಿಗೆ ಕಿವಿ ಮಂದವಾಯಿತು. ದಂಡೆಯಲ್ಲಿ ನಿಂತು ಗಂಟಲು ಹರಿದುಕೊಂಡರೂ ಕದಲದು. ವಯಸ್ಸಾಯಿತು ಎಂದು ಕೆಲವರು, ಊರಿನ ಗದ್ದಲಕ್ಕೆ ರೋಸಿಹೋಯಿತು ಎಂದು ಕೆಲವರು. ಅಷ್ಟರಲ್ಲಿ ಪುರಸಭೆಯ ವೆಬ್‌ಸೈಟಿನಲ್ಲಿ ದೂರು ಬರೆಯುವ ಜಾಗದಲ್ಲಿ ಯಾರೋ ಸಿಟ್ಟಿನಿಂದ 'ಏ ನದಿ, ಮಡಿವಾಳರ ಕಟ್ಟೆಗೆ ಬಾ' ಎಂದು ಬರೆದದ್ದೇ ತಡ, ನದಿ ಬಂತು. ಪುರಸಭೆಯವರು ಲಗುಬಗೆಯಿಂದ ನದಿಗೆಂದೇ ಒಂದು ಪುಟ ಮಾಡಿಸಿದರು. ಜಾಗ ಆರಿಸಿ ಬಾ, ನಿಲ್ಲು, ಹೋಗು ಒತ್ತಿದರಾಯಿತು. ಒಳಗೆ ಹೋಗಲು ಇಡೀ ಊರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಹೆಸರು 'ಹೊಳೆ', ಪಾಸ್‌ವರ್ಡು 'ನೀರು'. ಯಾರಿಗೂ ತೊಂದರೆಯಾಗಬಾರದೆಂದು ಅದನ್ನು ಪುರಸಭೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿಯೂ ಇದ್ದರು.

ಒಂದು ಸಂತೆಯ ದಿನ ಮೇಲಿನ ಓಣಿಯವರು ಯಾರೋ ಮೆಣಸಿನ ಸಸಿಗೆಂದು ನದಿಯನ್ನು ಕರೆದರು. ಅದೇ ಹೊತ್ತಿಗೆ ಕೆಳಗಿನ ಓಣಿಯವರು ಯಾರೋ ಇಟ್ಟಂಗಿ ಭಟ್ಟಿ ನೆನೆಯುತ್ತದೆಂದು ಹೋಗು ಅಂದರು. ಮೂರನೆಯವರು ಯಾರೋ ನಿಲ್ಲು ಅಂದರು. ಪಾಪ, ನದಿ ಯಾರ ಮಾತು ಕೇಳೀತು? ಸಂತೆಯ ನಟ್ಟನಡುವೆ ಹಾದುಹೋಯಿತು. ಬೆಲ್ಲದ ಪೆಂಟೆಗಳು ಕರಗಿ ನೀರೆಲ್ಲ ಕೆಂಪಾಯಿತು. ಮಡಿವಾಳರ ಲಗಮವ್ವನ ಮೊಮ್ಮಗಳು ಮಲಗಿದ್ದ ಮರದ ತೊಟ್ಟಿಲು ತೇಲುತ್ತ ಹೋಗಿ ಪುರಸಭೆಯ ದೀಪದ ಕಂಬಕ್ಕೆ ಸಿಕ್ಕಿಕೊಂಡಿತು. ಕೂಸು ಅತ್ತಿರಲಿಲ್ಲ. ಅದನ್ನು ಎತ್ತಿಕೊಂಡ ಲಗಮವ್ವ ಅತ್ತಳು. ಅಷ್ಟು ಗಟ್ಟಿ ಹೆಂಗಸು ಅಳುವುದನ್ನು ನಾವು ಅದೇ ಮೊದಲು ನೋಡಿದ್ದು. ಯಾರು ಒತ್ತಿದ್ದು ಎಂದು ಹುಡುಕಿದರೆ ಮೂರು ಸಲವೂ ಒತ್ತಿದವರ ಹೆಸರು 'ಹೊಳೆ' ಎಂದೇ ಇತ್ತು. ಊರ ತುಂಬ ಹೊಳೆಗಳೇ.

ಹಾಗಾಗಿ, ವೆಬ್‌ಸೈಟು ಸರಿಮಾಡಲು ಪುರಸಭೆಯವರು ಕರೆಸಿದ ನೀಲಾಂಬಿಕಾ ಬಂದಳು.

ಪುರಸಭೆಯ ಎದುರಿಗೆ ನನ್ನ ಖಾನಾವಳಿ. ಹೊರಗಿನವರು ಯಾರು ಬಂದರೂ ಅಧ್ಯಕ್ಷರು ನನ್ನ ಮಾಳಿಗೆಯ ಕೋಣೆಗೇ ಕಳಿಸುವುದು ರೂಢಿ. ಮೂವತ್ತೈದರ ಆಸುಪಾಸಿನ ಹೆಂಗಸು, ಎಣ್ಣೆ ಕಾಣದ ಗಿಡ್ಡ ಕೂದಲು, ಮಾತಾಡುವ ಮುಂಚೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುವ ಚಾಳಿ. ಬದನೆಕಾಯಿ ಮುಟ್ಟುವುದಿಲ್ಲ ಎಂದು ಮೊದಲ ಊಟಕ್ಕೇ ಹೇಳಿದಳು. ಬದನೆಕಾಯಿ ಬೇಡ ಎನ್ನುವವರನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ.

"ಹ್ಯಾಂಗ ಮಾಡ್ತೀಯವಾ ಇದನ್ನ?" ಎಂದು ಕೇಳಿದೆ.

"ಚೌಕಟ್ಟು ತಯಾರೈತಿ ಅಕ್ಕಾರ," ಅಂದಳು. "ವೆಬ್‌ಸೈಟ್ ಕಟ್ಟೂದಕ್ಕ ಫ್ರೇಮ್‌ವರ್ಕ್ ಅಂತ ಇರ್ತಾವು. ಬಡಗಿ ಬಾಗಲದ ಚೌಕಟ್ಟು ಮಾಡಿ ಕೊಟ್ಟಂಗ. ಬಂದವರು ಯಾರು ಅಂತ ಕೇಳೂದು, ಅವರನ್ನ ಗುಂಪಿಗೆ ಸೇರಸೂದು, ಗುಂಪಿಗೆ ಅನುಮತಿ ಕೊಡೂದು, ಎಲ್ಲಾ ಅದರಾಗ ಐತಿ. ಆದ್ರ ಯಾರಿಗೆ ತೆಗೀಬೇಕು, ಯಾರಿಗೆ ತೆಗೀಬಾರದು ಅಂತ ಚೌಕಟ್ಟಿಗೆ ಗೊತ್ತಿರೂದಿಲ್ಲ. ಅದನ್ನ ನಿಮ್ಮೂರ ಹೇಳಬೇಕು."

ಹೇಳಿದಂತೆಯೇ ಮಾಡಿದಳು. ಬಂದವಳು ಕಂಪ್ಯೂಟರ್ ತೆರೆಯಲೇ ಇಲ್ಲ. ಬೆಳಿಗ್ಗೆ ರೊಟ್ಟಿ ಮೊಸರು ತಿಂದು ಹೊರಟರೆ ಓಣಿ ಓಣಿ ಸುತ್ತುವುದೇ ಕೆಲಸ. ಮಡಿವಾಳರ ಕಟ್ಟೆಯಲ್ಲಿ ಕುಂತಳು, ಅಂಬಿಗರ ಜೊತೆ ದೋಣಿಯಲ್ಲಿ ಹೋದಳು, ಹತ್ತಿ ಓಣಿಯಲ್ಲಿ ಗಾದಿ ಹೊಲಿಯುವ ಪಿಂಜಾರ ಇಮಾಮಸಾಬರ ಅಂಗಳದಲ್ಲಿ ಹತ್ತಿಯ ದೂಳಿಗೆ ಮೂಗಿಗೆ ಸೆರಗು ಹಿಡಿದು ಮಾತಾಡಿಸಿದಳು. ಎಲ್ಲರಿಗೂ ಕೇಳುವುದು ಎರಡೇ ಪ್ರಶ್ನೆ. ನಿಮಗೆ ನದಿಯಿಂದ ಏನು ಬೇಕು, ಮತ್ತು ನೀವು ಸಿಟ್ಟಿನಲ್ಲಿದ್ದಾಗ ನದಿ ನಿಮ್ಮ ಯಾವ ಮಾತನ್ನು ಕೇಳಬಾರದು. ಮೊದಲನೆಯದಕ್ಕೆ ಎಲ್ಲರೂ ಪಟಪಟ ಉತ್ತರ ಕೊಟ್ಟರು. ಎರಡನೆಯದಕ್ಕೆ ನಕ್ಕರು, ಆಮೇಲೆ ನಗು ನಿಲ್ಲಿಸಿ ನೆಲ ನೋಡಿದರು. ಒಬ್ಬ ಅಂಬಿಗ ಎದ್ದುಹೋಗಿ, ಎರಡು ದಿನ ಬಿಟ್ಟು ತಾನೇ ಹುಡುಕಿಕೊಂಡು ಬಂದು, "ನನ್ನ ತಮ್ಮನ ಮನೀ ಕಡೆ ಬಾ ಅಂತ ನಾ ಅಂದ್ರ ಕೇಳಬಾರದವ್ವಾ," ಎಂದು ಹೇಳಿ ಹೋದ. ಆಗಲೇ ನನಗೆ ಈಕೆ ಸಾಮಾನ್ಯದ ಹೆಂಗಸಲ್ಲ ಅನಿಸಿದ್ದು.

ಅಧ್ಯಕ್ಷ ರಾಚನಗೌಡರಿಗೆ ತಾಳ್ಮೆ ಕಡಿಮೆ. ಕೆಟ್ಟವರಲ್ಲ. ಊರಿಗೆ ಚರಂಡಿ ಮಾಡಿಸಿದವರು, ಶಾಲೆಗೆ ಹೆಂಚು ಹೊದಿಸಿದವರು. ಆದರೆ ಊರೆಂದರೆ ತಾವೇ ಎಂದು ತಿಳಿದವರು. ಒಂದು ಮಧ್ಯಾಹ್ನ ಖಾನಾವಳಿಗೇ ಬಂದು ಆಕೆಯ ಎದುರಿಗೆ ಕುಂತರು.

"ಇಷ್ಟ್ಯಾಕ ತಿರಗಾಡ್ತೀರಿ ಮೇಡಂ? ಗ್ವಾಡಿ ಮ್ಯಾಲಿನ ಪಾಸ್‌ವರ್ಡ್ ಅಳಸಿ, ಹೊಸಾದು ಮಾಡಿ ನನ್ನ ಕೈಯಾಗ ಕೊಡ್ರಿ. ಬೇಕಾದವರು ನನ್ನ ಕೇಳ್ತಾರ, ನಾ ನದಿಗೆ ಹೇಳ್ತೀನಿ. ಮುಗೀತು."

ನೀಲಾ ಕನ್ನಡಕ ಒರೆಸಿಕೊಂಡಳು. "ಗೌಡ್ರ, ನಸಿಕಿನ್ಯಾಗ ಲಗಮವ್ವ ಅರಿವಿ ಒಗೀಲಿಕ್ಕೆ ಹೋಗ್ತಾಳ. ಅಷ್ಟೊತ್ತಿಗೆ ನೀವು ಎದ್ದಿರ್ತೀರೇನು?"

"ನಾ ಯಾಕ ಏಳಲಿ?"

"ಅದಕ ಕೇಳಿದ್ನಿ. ಆಕಿಗೆ ತನ್ನ ಕಟ್ಟೀ ತನಕ ನದಿ ಕರ್ಯಾಕ ಯಾರ ಅಪ್ಪಣೀನೂ ಬೇಕಾಗಬಾರದು. ಆದ್ರ ಸಂತಿಯೊಳಗ ನದಿ ತರೂ ಅಧಿಕಾರ ಆಕಿಗೆ ಬ್ಯಾಡ. ನಿಮಗೂ ಬ್ಯಾಡ. ನೀವು ಯಾರು ಅನ್ನೂದು ಒಂದು, ನೀವು ಏನು ಮಾಡಬಹುದು ಅನ್ನೂದು ಇನ್ನೊಂದು. ಗುರುತು ಬ್ಯಾರೆ, ಅನುಮತಿ ಬ್ಯಾರೆ. ಇಷ್ಟು ದಿನ ನಿಮ್ಮೂರಾಗ ಎರಡೂ ಇರಲಿಲ್ಲ. ನೀವು ಹೇಳಿದಂಗ ಮಾಡಿದ್ರ ಗುರುತು ಒಬ್ಬರದ ಆಗ್ತೈತಿ, ಅನುಮತಿ ಎಲ್ಲಾ ಅವರ ಕಿಸೇದಾಗ ಹೋಗ್ತೈತಿ."

ಗೌಡರು ಮಜ್ಜಿಗೆ ಕುಡಿಯದೆ ಎದ್ದುಹೋದರು. ಆದರೆ ಕೆಲಸ ನಿಲ್ಲಿಸಲಿಲ್ಲ. ಅದು ಅವರ ದೊಡ್ಡತನ.

ಆಮೇಲೆ ಆಕೆ ನನ್ನ ಖಾನಾವಳಿಯ ಕಿಟಕಿಯ ಮೇಜಿಗೆ ಕಂಪ್ಯೂಟರ್ ಇಟ್ಟು ಕುಂತಳು. ಮೊದಲು ಪ್ರತಿಯೊಬ್ಬರಿಗೂ ಅವರವರ ಹೆಸರು, ಅವರೇ ಇಟ್ಟುಕೊಂಡ ಪಾಸ್‌ವರ್ಡು. ಗಂಡ ಹೆಂಡತಿಗೂ ಬೇರೆ ಬೇರೆ. ಇದಕ್ಕೆ ಊರಿನಲ್ಲಿ ಎಷ್ಟು ಮನೆಗಳಲ್ಲಿ ಜಗಳವಾಯಿತೆಂದರೆ, ಒಂದು ವಾರ ನನ್ನ ಖಾನಾವಳಿಗೆ ಗಂಡಸರ ಗಿರಾಕಿ ಹೆಚ್ಚಾಯಿತು. ನಂತರ ಗೋಡೆಯ ಮೇಲಿನ ಬಣ್ಣದ ಅಕ್ಷರಗಳನ್ನು ಸುಣ್ಣ ಹೊಡೆದು ಮುಚ್ಚಿಸಿದಳು. ಆ ದಿನ ನದಿ ಯಾರ ಮಾತಿಗೂ ಕದಲಲಿಲ್ಲ. ಯಾರು ಏನು ಒತ್ತಿದರೂ ನಿಮಗೆ ಅನುಮತಿ ಇಲ್ಲ ಎಂದೇ ಬರುತ್ತಿತ್ತು. ಊರಿಗೆ ಊರೇ ನನ್ನ ಬಾಗಿಲ ಮುಂದೆ ನೆರೆಯಿತು.

"ಎಲ್ಲಾರಿಗೂ ಇಲ್ಲ ಅಂತ ಶುರು ಮಾಡಬೇಕ್ರಿ," ಎಂದು ನೀಲಾ ಬಾಗಿಲಲ್ಲಿ ನಿಂತು ಹೇಳಿದಳು. ಆಕೆಯ ದನಿ ದೊಡ್ಡದಲ್ಲ, ಜನ ಸುಮ್ಮನಾಗಬೇಕಾಯಿತು. "ಮೊದಲ ಎಲ್ಲಾ ತೆರೆದಿಟ್ಟು ಒಂದೊಂದ ಮುಚ್ಚಿಕೋತ ಹೋದ್ರ, ಮರೆತದ್ದು ತೆರೆದ ಉಳೀತೈತಿ. ಎಲ್ಲಾ ಮುಚ್ಚಿ ಒಂದೊಂದ ತೆರಕೋತ ಹೋದ್ರ, ಮರೆತದ್ದು ಮುಚ್ಚಿರ್ತೈತಿ. ಮುಚ್ಚಿದ್ದಕ್ಕ ನೀವು ಬಂದು ನನ್ನ ಬೈತೀರಿ, ನಾ ತೆಗೀತೀನಿ. ತೆರೆದಿದ್ದಕ್ಕ ತೊಟ್ಟಿಲ ತೇಲಿ ಹೋಗ್ತೈತಿ."

ತೊಟ್ಟಿಲ ಮಾತು ಬಂದಮೇಲೆ ಯಾರೂ ಎದುರಾಡಲಿಲ್ಲ. ಸಂಜೆಯೊಳಗೆ ಮಡಿವಾಳರ ಗುಂಪಿಗೆ ಅವರ ಕಟ್ಟೆ ತೆರೆಯಿತು. ಮರುದಿನ ಅಂಬಿಗರಿಗೆ ದೋಣಿಯ ದಾರಿ, ಆಮೇಲೆ ಹೊಲದವರಿಗೆ ಅವರವರ ಕಾಲುವೆ. ನನ್ನಂಥ ಅಡುಗೆಯವರಿಗೆ ಹಿತ್ತಲಿನ ತೊಟ್ಟಿ ತುಂಬುವಷ್ಟು ಮಾತ್ರ. ನದಿ ನನ್ನ ಹಿತ್ತಲಿಗೆ ಬಂದು, ತೊಟ್ಟಿಯ ಅಂಚಿಗೆ ತುಳುಕದಂತೆ ನಿಂತು, ತಾನಾಗಿಯೇ ಹಿಂದೆ ಸರಿಯುವುದನ್ನು ಮೊದಲ ಸಲ ನೋಡಿದಾಗ ನಾನು ಕೈ ಮುಗಿದೆ. ನದಿಗೋ, ಕಿಟಕಿಯ ಬಳಿ ತಲೆ ತಗ್ಗಿಸಿ ಕುಂತಿದ್ದ ಆ ಹೆಂಗಸಿಗೋ ಗೊತ್ತಿಲ್ಲ.

ಹದಿನೈದು ದಿನ ಎಲ್ಲ ಸುಸೂತ್ರ. ಒಂದು ಬೆಳಿಗ್ಗೆ ರಾಚನಗೌಡರ ಕಬ್ಬಿನ ಗದ್ದೆಯಲ್ಲಿ ನದಿ ಮೊಣಕಾಲು ಮಟ್ಟ ನಿಂತಿತ್ತು. ಗದ್ದೆಯ ಕಾಲುವೆ ದಾಟಿ, ಬದು ಒಡೆದು, ಪಕ್ಕದವರ ಶೇಂಗಾ ಹೊಲಕ್ಕೂ ನುಗ್ಗಿತ್ತು. ಜನ ಗೌಡರ ಮನೆ ಮುಂದೆ ಸೇರಿದರು. ಗೌಡರು ಅಡಗಲಿಲ್ಲ. ಮೀಸೆ ತಿರುವುತ್ತ ಕಟ್ಟೆಯ ಮೇಲೆ ಬಂದು, "ನಾನ ಕರದ್ನಿ. ಮೇಡಂ ನನ್ನ ಫೋನಿನ್ಯಾಗ ಬಟನ್ ತಗದಿದ್ರು. ಹಳೇ ಪುಟದ ವಿಳಾಸ ನೆನಪಿತ್ತು, ಅದನ್ನ ಟೈಪ್ ಮಾಡಿದ್ನಿ. ಬಂತು," ಅಂದರು. ಗೆದ್ದವರ ದನಿಯಲ್ಲೇ ಅಂದರು.

ಬೈಗುಳಗಳು ಶುರುವಾಗುವ ಹೊತ್ತಿಗೆ ನೀಲಾ ಮುಂದೆ ಬಂದಳು. ಮುಖ ಬಿಳಿಚಿತ್ತು. ನಾನು ಜಗಳ ಕಾದೆ.

"ತಪ್ಪು ನಂದು ಗೌಡ್ರ," ಅಂದಳು. "ಬಟನ್ ಕಣ್ಣಿಗೆ ಕಾಣದಂಗ ಮಾಡಿದ್ನಿ. ಹಿಂದಿನ ಬಾಗಲಕ್ಕ ಕಾವಲು ಹಾಕಿರಲಿಲ್ಲ. ಬಾಗಲ ಮುಂದ ಪರದೆ ಇಳಿಬಿಟ್ಟು ಕೀಲಿ ಹಾಕೀನಿ ಅಂದಂಗ ಆತು. ನೀವು ಹಗಲಿನ್ಯಾಗ, ನಿಮ್ಮ ಹೆಸರಿನ್ಯಾಗ ಮಾಡಿ ತೋರಿಸಿದ್ರಿ. ಬ್ಯಾರೆ ಯಾರರ ಮುಚ್ಚಿಟ್ಟಕೊಂಡು ಮಾಡಿದ್ದರ ನನಗ ಗೊತ್ತ ಆಗ್ತಿರಲಿಲ್ಲ. ಉಪಕಾರ ಆತ್ರಿ."

ಬೈದಿದ್ದರೆ ಗೌಡರು ಉತ್ತರ ಕೊಡುತ್ತಿದ್ದರು. ಮೀಸೆಯಿಂದ ಕೈ ತೆಗೆದು, ಶೇಂಗಾದವರ ಕಡೆ ತಿರುಗಿ, "ನಿಮ್ಮ ಬದು ನಾ ಕಟ್ಟಿಸಿ ಕೊಡ್ತೀನಿ," ಅಂದರು. ಆ ದಿನವೆಲ್ಲ ಕುಂತು ನೀಲಾ ಪ್ರತಿಯೊಂದು ಆಜ್ಞೆಯೂ ನದಿಗೆ ಮುಟ್ಟುವ ಮುಂಚೆ ಒಂದೇ ಜಾಗದಲ್ಲಿ ನಿಂತು ಹಾಯುವ ಹಾಗೆ ಮಾಡಿದಳು. ಅಲ್ಲಿ ಯಾರು ನೀನು, ನಿನಗೆ ಇದಕ್ಕೆ ಅನುಮತಿ ಇದೆಯೇ ಎಂದು ಕೇಳಿಯೇ ಬಿಡುವುದು. ಮುಂಬಾಗಿಲಿನಿಂದ ಬಂದರೂ ಅಷ್ಟೆ, ಹಿತ್ತಲಿನಿಂದ ಬಂದರೂ ಅಷ್ಟೆ. ಸಂಜೆ ಗೌಡರನ್ನೇ ಕರೆಸಿ, "ಈಗ ಮುರಿಯಾಕ ನೋಡ್ರಿ," ಎಂದು ಕುರ್ಚಿ ಕೊಟ್ಟಳು. ಅವರು ಒಂದು ತಾಸು ಬೆವರು ಸುರಿಸಿ ನೋಡಿದರು, ಆಗಲಿಲ್ಲ. ಅವತ್ತು ಎರಡು ಲೋಟ ಮಜ್ಜಿಗೆ ಕುಡಿದರು.

ಆದರೆ ಒಂದು ಮಾತು ಅವರ ಗಂಟಲಲ್ಲಿ ಉಳಿದಿತ್ತು. "ಎಲ್ಲಾರಿಗೂ ಇಂಥದ್ದು ಬ್ಯಾಡ, ಇಂಥದ್ದು ಬ್ಯಾಡ ಅಂತೀರಿ. ಎಲ್ಲಾ ಮಾಡೂ ಅಧಿಕಾರ ಯಾರ ಕಡೆ ಐತಿ?"

"ಸದ್ಯ ನನ್ನ ಕಡೆ," ಅಂದಳು ನೀಲಾ.

"ಹಂಗಾರ ನಮ್ಮೂರ ನದಿ ಈಗ ನಿಮ್ಮದು."

ಆ ಮಾತು ಆಕೆಗೆ ನಾಟಿತು ಎಂದು ನಾನು ಬಲ್ಲೆ, ಯಾಕೆಂದರೆ ಅವತ್ತು ರೊಟ್ಟಿ ಅರ್ಧಕ್ಕೇ ಬಿಟ್ಟಳು.

ಬೆಂಕಿ ಬಿದ್ದದ್ದು ಅದಾದ ಕೆಲವು ದಿನಕ್ಕೆ, ಸುಡು ಮಧ್ಯಾಹ್ನ. ಹತ್ತಿ ಓಣಿಯ ಗೋದಾಮಿನಲ್ಲಿ ಕಿಡಿ ಹೇಗೆ ಬಿತ್ತೋ. ಪಕ್ಕದ ಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಲಗಮವ್ವನಿಗೆ ಮೊದಲು ಹೊಗೆ ಕಂಡಿತು. ಒದ್ದೆ ಕೈಯಲ್ಲೇ ಫೋನು ತೆಗೆದು ಹತ್ತಿ ಓಣಿ ಎಂದು ಆರಿಸಿ ಬಾ ಒತ್ತಿದಳು. ನಿಮಗೆ ಅನುಮತಿ ಇಲ್ಲ ಎಂದು ಬಂತು. ಇನ್ನೊಮ್ಮೆ ಒತ್ತಿದಳು. ನದಿ ಆಕೆಯ ಕಾಲ ಬುಡದಲ್ಲೇ ಇತ್ತು, ಬೆಂಕಿ ಕೂಗಳತೆಯಲ್ಲಿತ್ತು. ನಡುವೆ ಆ ಮೂರು ಶಬ್ದ. ಮನೆಗಳ ನಡುವೆ ನದಿ ನುಗ್ಗಿಸುವುದು ಎಲ್ಲಕ್ಕಿಂತ ಅಪಾಯದ ಕೆಲಸವೆಂದು ನೀಲಾ ಅದನ್ನು ಅಧ್ಯಕ್ಷರ ಕುರ್ಚಿಯೊಂದಕ್ಕೇ ಕೊಟ್ಟಿದ್ದಳು. ಗೌಡರು ಪರವೂರಿನಲ್ಲಿ ಯಾರದೋ ನಿಶ್ಚಿತಾರ್ಥದಲ್ಲಿದ್ದರು. ಫೋನು ಜೇಬಿನಲ್ಲಿ ಸತ್ತು ಮಲಗಿತ್ತು.

ನೀಲಾಳ ನಂಬರು ತಿಳಿಯದ ಲಗಮವ್ವ ಓಡಿದಳು. ಅರವತ್ತು ದಾಟಿದ ಹೆಂಗಸು, ಒದ್ದೆ ಸೀರೆಯಲ್ಲಿ, ಊರಿನ ಆ ತುದಿಯಿಂದ ನನ್ನ ಖಾನಾವಳಿಯವರೆಗೆ ಓಡಿ ಬಂದಳು. ಬಾಗಿಲಲ್ಲಿ ನಿಂತು ಹತ್ತಿ ಓಣಿಯ ಕಡೆ ಕೈ ಮಾಡಿದಳು. ನೀಲಾ ಊಟಕ್ಕೆ ಕುಂತಿದ್ದವಳು ಎಂಜಲು ಕೈಯಲ್ಲೇ ಕಂಪ್ಯೂಟರ್ ಎಳೆದುಕೊಂಡಳು. ನದಿ ನನ್ನ ಬಾಗಿಲ ಮುಂದೆಯೇ ಸರ್ರನೆ ಹರಿದು ಹೋಯಿತು, ಮೈಯೆಲ್ಲ ನೊರೆ, ಓಡುವ ದನದ ಹಿಂಡಿನ ಸದ್ದು.

ಓಣಿ ಉಳಿಯಿತು. ಗೋದಾಮು ಅರ್ಧ ಹೋಯಿತು. ಉರಿಯುವ ಹತ್ತಿಯ ಅಂಡಿಗೆಗಳನ್ನು ಬರಿಗೈಯಲ್ಲಿ ಹೊರಗೆ ಎಳೆಯುತ್ತಿದ್ದ ಇಮಾಮಸಾಬರ ಬಲಗೈ ಮಣಿಕಟ್ಟಿನವರೆಗೆ ಸುಟ್ಟಿತು. ಬಿಲ್ಲು ಮೀಟಿ ಹತ್ತಿ ಬಡಿಯುವ ಕೈ ಅದು. ಆ ಬಿಲ್ಲಿನ ಟಂಯ್ ಟಂಯ್ ನಮ್ಮೂರಿನ ಮಧ್ಯಾಹ್ನಗಳ ಸದ್ದು.

ಮರುದಿನ ನೀಲಾ ಅವರ ಮನೆಗೆ ಹೊರಟಾಗ ನಾನೂ ಗಂಜಿ ತೆಗೆದುಕೊಂಡು ಹೋದೆ. ಕೈಗೆ ಬಾಳೆಯೆಲೆ ಸುತ್ತಿಕೊಂಡು ಇಮಾಮಸಾಬ ಗೋಡೆಗೆ ಒರಗಿದ್ದರು. ನೀಲಾ ನೆಲದ ಮೇಲೆ ಕುಂತಳು.

"ಯಾಕವಾ, ನನ್ನ ಕೈ ಸುಟ್ಟರ ನೀ ಯಾಕ ಮಾರಿ ಸಣ್ಣದ ಮಾಡ್ತಿ?" ಅಂದರು ಇಮಾಮಸಾಬ. "ಹೊಳಿ ಬಂತಲ್ಲ. ಬರದಿದ್ರ ಓಣೀನ ಇರತಿರಲಿಲ್ಲ."

"ಲಗಮವ್ವ ಒತ್ತಿದಾಗ ಬಂದಿದ್ರ ನಿಮ್ಮ ಕೈ ಇರತಿತ್ತು ಚಾಚಾ. ಆಕಿನ್ನ ತಡದಾಕಿ ನಾನು. ನದಿಯಿಂದ ಊರನ್ನ ಕಾಯಬೇಕು ಅಂತ ಅಷ್ಟ ನೋಡಿದ್ನಿ. ಊರಿಗೆ ನದಿ ಬೇಕಾಗೂ ಹೊತ್ತು ನೋಡಲಿಲ್ಲ."

"ಹಂಗಾರ ಈಗ ನೋಡು," ಅಂದರು ಅವರು, ಬೈಯುವ ಹಾಗೂ ಅಲ್ಲ, ಸಮಾಧಾನ ಮಾಡುವ ಹಾಗೂ ಅಲ್ಲ. "ನಾ ಎಡಗೈಲೆ ಬಡ್ಯಾಕ ಕಲೀತೀನಿ. ನೀ ಕಲೀಬೇಕಾದ್ದು ನೀ ಕಲಿ."

ಇನ್ನೊಬ್ಬರಾಗಿದ್ದರೆ ಆ ಬೆಂಕಿಯ ನಂತರ ಎರಡರಲ್ಲಿ ಒಂದು ಮಾಡುತ್ತಿದ್ದರು. ತಾನು ಮಾಡಿದ್ದೇ ಸರಿ ಎಂದು ಸಾಧಿಸುವುದು, ಇಲ್ಲವೇ ಎಲ್ಲವನ್ನೂ ಬಿಚ್ಚಿ ಹಾಕಿ ಊರು ಬಿಡುವುದು. ನೀಲಾ ಎರಡನ್ನೂ ಮಾಡಲಿಲ್ಲ. ಕಿಟಕಿಯ ಮೇಜಿಗೆ ಬಂದು ಕುಂತು ಹೊಸ ದಾರಿಯೊಂದನ್ನು ಕೆತ್ತಿದಳು. ಬೆಂಕಿ ಬಿದ್ದರೆ ಅಥವಾ ಜೀವಕ್ಕೆ ಅಪಾಯವಾದರೆ ಊರಿನ ಯಾರೇ ಆಗಲಿ, ಯಾವ ಗುಂಪಿನವರೇ ಆಗಲಿ, ನದಿಯನ್ನು ಎಲ್ಲಿಗಾದರೂ ಕರೆಯಬಹುದು. ನದಿ ಏನೂ ಕೇಳದೆ ಹೊರಡುತ್ತದೆ. ಆದರೆ ಕರೆದವರ ಹೆಸರು ಅದೇ ಕ್ಷಣಕ್ಕೆ ಊರಿನ ಎಲ್ಲ ಫೋನುಗಳಲ್ಲೂ ಬರುತ್ತದೆ, ಮತ್ತು ಮರುದಿನ ಅವರು ಪುರಸಭೆಯ ಮೆಟ್ಟಿಲ ಮೇಲೆ ನಿಂತು ಯಾಕೆ ಕರೆದೆ ಎಂದು ಹೇಳಬೇಕು.

"ಎಲ್ಲಾರೂ ಸುಮ್ ಸುಮ್ನ ಒತ್ತತಾರ ನೋಡ್ರಿ," ಎಂದು ಗೌಡರು ಎಚ್ಚರಿಸಿದರು. ನಿಶ್ಚಿತಾರ್ಥದಿಂದ ಬಂದಾಗಿನಿಂದ ಅವರ ದನಿ ತಗ್ಗಿತ್ತು.

"ಒತ್ತಲಿ. ಹೆಸರು ಹೇಳಿ ಒತ್ತಬೇಕಲ್ಲ. ಮೆಟ್ಟಲ ಮ್ಯಾಲೆ ನಿಂತು ಹೇಳಬೇಕಲ್ಲ. ಕೀಲಿ ಕಾಯದ್ದನ್ನ ಮರ್ಯಾದಿ ಕಾಯ್ತೈತಿ."

ಒಬ್ಬರು ಒತ್ತಿದ್ದು ನಿಜ. ಮೇಲಿನ ಓಣಿಯ ಮುದುಕಿಯೊಬ್ಬಳ ಆಡಿನ ಮರಿ ಹಾಳುಬಾವಿಗೆ ಬಿತ್ತು. ಆಕೆ ಜೀವಕ್ಕೆ ಅಪಾಯ ಎಂದು ನದಿಯನ್ನು ಕರೆದು ಬಾವಿ ತುಂಬಿಸಿ ಮರಿಯನ್ನು ತೇಲಿಸಿಕೊಂಡಳು. ಮರುದಿನ ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ನಿಂತು, "ಆಡಿನ ಜೀವ ಜೀವ ಅಲ್ಲೇನು?" ಎಂದು ಊರಿಗೇ ಕೇಳಿದಳು. ಊರು ನಕ್ಕು, ಅಲ್ಲ ಅನ್ನಲಾಗದೆ ಮನೆಗೆ ಹೋಯಿತು.

ಇದೆಲ್ಲ ಆದಮೇಲೂ ನೀಲಾಗೆ ಸಮಾಧಾನವಿರಲಿಲ್ಲ. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ನನ್ನ ಎದುರಿಗೆ ಬಂದು ಕುಂತಳು.

"ಗುರುಬಸಕ್ಕ, ಅವತ್ತ ಲಗಮವ್ವ ಓಡಿ ಬಂದದ್ದು ಎಲ್ಲಿಗೆ?"

"ಇಲ್ಲಿಗೆ. ನಿನ್ನ ಕಡೆ."

"ನಾ ಸತ್ತಿದ್ರ? ಊರಿಗೆ ಹೋಗಿದ್ರ? ಒಂದು ಊರಿನ ನದಿ ಒಬ್ಬಾಕಿ ಉಸರಿನ ಮ್ಯಾಲೆ ನಿಂತೈತಿ. ಗೌಡ್ರು ಅಂದದ್ದು ಖರೆ ಐತಿ. ಅವರ ಕಿಸೇದಾಗ ಹೋಗಬಾರದು ಅಂತ ನನ್ನ ಕಿಸೇದಾಗ ಇಟ್ಟಕೊಂಡೀನಿ."

"ನೀ ಛಲೋ ಹೆಣಮಗಳು. ನಿನ್ನ ಕಡೆ ಇದ್ರ ಏನಾತು?"

"ಛಲೋದವರ ಕಡೆ ಇದ್ದಾಗನ ಅದನ್ನ ಬಿಚ್ಚಬೇಕಕ್ಕ. ಆಮ್ಯಾಲೆ ಬಿಚ್ಚಾಕ ಬರೂದಿಲ್ಲ."

ಎಲ್ಲ ಅಧಿಕಾರವೂ ಇರುವ ಆ ಖಾತೆಗೆ ಸೂಪರ್‌ಯೂಸರ್ ಅನ್ನುತ್ತಾರಂತೆ. ಅದನ್ನು ಹೊಂದಿದವರಿಗೆ ನದಿ ಎಂದೂ ಇಲ್ಲ ಅನ್ನುವುದಿಲ್ಲ. ಅದನ್ನು ತೆಗೆದುಹಾಕುವುದೆಂದು ನೀಲಾ ನಿರ್ಧರಿಸಿದಳು. ಅದರ ಬದಲು ಅನುಮತಿ ಕೊಡುವ, ಕಿತ್ತುಕೊಳ್ಳುವ ಕೆಲಸ ಮೂವರದು. ಅಧ್ಯಕ್ಷರ ಕುರ್ಚಿಯಲ್ಲಿ ಯಾರಿದ್ದಾರೋ ಅವರೊಬ್ಬರು, ದಂಡೆಯ ಕಸುಬಿನವರು ಆರಿಸಿದ ಒಬ್ಬರು, ಓಣಿಗಳವರು ಆರಿಸಿದ ಒಬ್ಬರು. ಮೂವರೂ ಒತ್ತಿದರೆ ಮಾತ್ರ ಬದಲಾವಣೆ. ದಂಡೆಯವರು ಲಗಮವ್ವನನ್ನು ಆರಿಸಿದರು. ಓಣಿಗಳವರು ಇಮಾಮಸಾಬರನ್ನು ಆರಿಸಿದರು. ಗೌಡರು ಇದ್ದೇ ಇದ್ದರು.

ಆ ಮೂವರಿಗೆ ಕಲಿಸಿದ್ದನ್ನು ನಾನು ದಿನವೂ ನೋಡಿದೆ. ನನ್ನ ಖಾನಾವಳಿಯ ಒಂದೇ ಬೆಂಚಿನ ಮೇಲೆ ಮೂವರೂ. ಮೊದಲ ದಿನ ಗೌಡರು ಬೆಂಚಿನ ಈ ತುದಿಗೆ, ಲಗಮವ್ವ ಆ ತುದಿಗೆ ಕುಂತಿದ್ದರು, ನಡುವೆ ಇಮಾಮಸಾಬ ಎಡಗೈಯಲ್ಲಿ ಫೋನು ಹಿಡಿಯಲು ಹೆಣಗುತ್ತಿದ್ದರು. ಲಗಮವ್ವ ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಗೌಡರು ತಡೆಯಲಾರದೆ, "ಅದು 'ಗುಂಪು' ಲಗಮವ್ವಾ, 'ಗುಪ್ಪು' ಅಲ್ಲ," ಅಂದರು. "ಓದಾಕತ್ತೀನಿ ಸುಮ್ನಿರ್ರಿ ಗೌಡ್ರ," ಅಂದಳು ಆಕೆ. ಊರಿನಲ್ಲಿ ಯಾರೂ ಅವರಿಗೆ ಸುಮ್ನಿರ್ರಿ ಅಂದದ್ದಿಲ್ಲ. ಅವರು ಸುಮ್ಮನಿದ್ದರು. ನೀಲಾ ಮಾತ್ರ ಮೂವರಿಗೂ ಒಂದೇ ತಾಳ್ಮೆಯಿಂದ, ಯಾರಿಗೂ ಹೆಚ್ಚಲ್ಲ ಯಾರಿಗೂ ಕಡಿಮೆಯಲ್ಲ ಎಂಬಂತೆ ಮತ್ತೆ ಮತ್ತೆ ಹೇಳಿಕೊಟ್ಟಳು. ಹೊಸ ಹೆಸರು ಸೇರಿಸುವುದು ಹೇಗೆ, ಸತ್ತವರ ಹೆಸರು ತೆಗೆಯುವುದು ಹೇಗೆ, ಕೆಲಸ ಬದಲಿಸಿದವರ ಹಳೆಯ ಅನುಮತಿ ಮರೆಯದೆ ಕಳಚುವುದು ಹೇಗೆ. ಕೊನೆಕೊನೆಗೆ ಆಕೆ ಉತ್ತರ ಹೇಳುವುದನ್ನೇ ಬಿಟ್ಟಳು. ಅವರು ತಪ್ಪಿದರೆ ಕೈ ಕಟ್ಟಿಕೊಂಡು ಕಾಯುತ್ತಿದ್ದಳು. ಅವರೇ ಜಗಳಾಡಿ ಸರಿ ಮಾಡಿಕೊಳ್ಳುತ್ತಿದ್ದರು.

ಹೊರಡುವ ದಿನ ಆಕೆ ತನ್ನ ಖಾತೆಯ ಅಧಿಕಾರವನ್ನೆಲ್ಲ ಎಲ್ಲರ ಎದುರಿಗೆ ಅಳಿಸಿದಳು. ಸದ್ದಿಲ್ಲ, ಗದ್ದಲವಿಲ್ಲ. ಕನ್ನಡಕ ಒರೆಸಿಕೊಂಡಳು, ಅಷ್ಟೆ. ಚೀಲ ಹೊತ್ತು ನಾವೆಲ್ಲ ದೋಣಿಯ ಕಟ್ಟೆಯವರೆಗೆ ಹೋದೆವು. ಮೆಟ್ಟಿಲ ಕೆಳಗೆ ನದಿ ತುಸು ದೂರದಲ್ಲಿ ತನ್ನ ಪಾಡಿಗೆ ಹರಿಯುತ್ತಿತ್ತು. ನೀಲಾ ಚಪ್ಪಲಿ ಬಿಟ್ಟು ಕೊನೆಯ ಮೆಟ್ಟಿಲಿಗೆ ಇಳಿದು ಫೋನು ತೆಗೆದು ಏನೋ ಒತ್ತಿದಳು. ನದಿ ಕದಲಲಿಲ್ಲ. ಇನ್ನೊಮ್ಮೆ ಒತ್ತಿದಳು. ನದಿ ಆಕೆಯ ಕಡೆ ತಿರುಗಿಯೂ ನೋಡಲಿಲ್ಲ. ಆಗ ಆಕೆ ನಕ್ಕಳು. ಇಷ್ಟು ತಿಂಗಳಲ್ಲಿ ನಾನು ಆಕೆಯ ಹಲ್ಲು ಪೂರಾ ನೋಡಿದ್ದು ಅವತ್ತೇ. ಕಟ್ಟಿದ ಗೋಡೆಗೆ ತಾನೇ ಭುಜ ಕೊಟ್ಟು ನೋಡಿ, ಅದು ಅಲುಗದಿದ್ದಾಗ ಗೌಂಡಿ ನಗುವ ನಗು.

"ಏನ ಕೇಳಿದ್ಯವ್ವಾ ಹೊಳೀಗೆ?" ಎಂದಳು ಲಗಮವ್ವ.

"ಏನಿಲ್ಲ. ಒಂದ ಸಲ ಕಾಲಿಗೆ ಬಾ ಅಂದ್ನಿ. ಇಷ್ಟ ದಿನ ನನಗಂತ ಏನೂ ಕೇಳಿರಲಿಲ್ಲ. ಬರಲಿಲ್ಲ ನೋಡು, ಛಲೋ ಆತು."

ಲಗಮವ್ವ ಗೌಡರ ಕಡೆ ನೋಡಿದಳು. ಗೌಡರು ಜೇಬಿನಿಂದ ಫೋನು ತೆಗೆಯುತ್ತಲೇ ಇದ್ದರು. ಇಮಾಮಸಾಬ ತಮ್ಮದನ್ನು ಎಡ ಅಂಗೈಯಲ್ಲಿ ಆಗಲೇ ಹಿಡಿದಿದ್ದರು.

ನೀಲಾಗೆ ಅರ್ಥವಾಯಿತು. "ಬ್ಯಾಡ, ಬ್ಯಾಡ್ರಿ," ಅಂದಳು ಗಾಬರಿಯಿಂದ. "ನನಗ ಕೆಲಸ ಇಲ್ಲದ್ದಕ್ಕ ಅನುಮತಿ ಯಾಕ? ನಾ ಕಲಿಸಿದ್ದು ಏನು ನಿಮಗ? ಕೆಲಸಕ್ಕ ಬೇಕಾದಷ್ಟ..."

"ಕಲಿಸೂದು ನಿನ್ನ ಕೆಲಸಿತ್ತು, ಮುಗೀತು," ಅಂದಳು ಲಗಮವ್ವ, ಫೋನಿನಿಂದ ಕಣ್ಣೆತ್ತದೆ, ಒಂದೊಂದೇ ಅಕ್ಷರ ಕೂಡಿಸುತ್ತ. "ಯಾರಿಗೆ ಕೊಡಬೇಕು ಅನ್ನೂದು ಈಗ ನಮ್ಮ ಕೆಲಸ. ಗುಂಪಿನ ಹೆಸರು ಏನಿಡೂಣ್ರಿ ಗೌಡ್ರ?"

"'ಮನೀ ಮಗಳು' ಅಂತ ಹಾಕು," ಅಂದರು ಗೌಡರು.

"ಎಲ್ಲೀ ತನಕ?" ಎಂದು ಕೇಳಿದರು ಇಮಾಮಸಾಬ. ಕಲಿತದ್ದನ್ನು ಅವರು ಮರೆಯುವವರಲ್ಲ.

"ಪಾದದ ತನಕ," ಅಂದಳು ಲಗಮವ್ವ.

ಮೂವರೂ ಒತ್ತಿದರು. ನೀಲಾ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದಳು, ಫೋನು ಕೈಯಲ್ಲೇ ಇತ್ತು. ಒತ್ತಿದಳೋ ಇಲ್ಲವೋ ನಾನು ನೋಡಲಿಲ್ಲ. ನದಿ ಹರಿಯುವುದನ್ನು ಬಿಟ್ಟು ಈ ಕಡೆ ವಾಲಿತು. ಮೆಟ್ಟಿಲ ಮೇಲೆ ಮೆಲ್ಲಗೆ, ತೊಟ್ಟೂ ಸಿಡಿಯದಂತೆ ಏರಿ ಬಂದು, ಆಕೆಯ ಎರಡೂ ಪಾದ ಮುಳುಗುವವರೆಗೆ ಬಂದು ನಿಂತಿತು.